ಹಳದಿ ಗೌನಿನ ಬಲ ಹೆಗಲು

"ಕೈ ತೆಗಿ! ಅದರ ಮೇಲಿಂದ ಕೈ ತೆಗಿ ಅಂದೆ!"

ಗಾರ್ಡನ್ ಥೇಯರ್ ಅರಚಿದ ರಭಸಕ್ಕೆ ಷೋರೂಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮೇವಿಸ್ ರಾಬಿನೆಟ್ ಕೈ ತೆಗೆಯಲಿಲ್ಲ. ಗೊಂಬೆಗೆ ತೊಡಿಸಿದ್ದ ಹಳದಿ ಗೌನಿನ ಅಂಚನ್ನು ಮಗುಚಿ, ಒಳಗಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ, ಬಗ್ಗಿಕೊಂಡೇ ಒಂದು ಪೂರ್ತಿ ಸುತ್ತು ಬಂದಳು. ಎಲ್ಲೂ ಹರಿದಿರಲಿಲ್ಲ. ತೇಪೆ ಹಾಕಿದ ಗುರುತೂ ಇರಲಿಲ್ಲ.

ಅವಳ ಕೋಟಿನ ಜೇಬಿನಲ್ಲಿ ಹೆಬ್ಬೆರಳಗಲದ ಹಳದಿ ಬಟ್ಟೆಯ ಚೂರೊಂದಿತ್ತು. ಅರ್ನೆಟಾ ಪಿಕೆಟ್ ಎಂಬ ಹುಡುಗಿಯ ಹೆಣದ ಮುಷ್ಟಿ ಬಿಡಿಸಿದಾಗ ಸಿಕ್ಕಿದ ಚೂರು.

"ಕಿವಿ ಕೇಳಿಸಲ್ವಾ ನಿನಗೆ?"

ಮೇವಿಸ್ ನಿಧಾನವಾಗಿ ನೆಟ್ಟಗೆ ನಿಂತಳು. "ನನ್ನ ಹೆಸರು ಮಿಸ್ ರಾಬಿನೆಟ್. ನೀವು, ತಾವು ಅಂತ ಮಾತಾಡಿಸಿ. ಏಕವಚನ ನಿಮ್ಮ ಮನೆ ನಾಯಿಗೆ ಇಟ್ಕೊಳ್ಳಿ."

ಥೇಯರನ ಮುಖ ಕೆಂಪೇರಿತು. ಮ್ಯಾಗಜಿನ್ನುಗಳ ಮುಖಪುಟದಲ್ಲಿ ಈಚೆಗೆ ಎಲ್ಲೆಲ್ಲೂ ಕಾಣುತ್ತಿದ್ದ ಮುಖ ಅದು. "ಇವಳನ್ನ ಒಳಗೆ ಬಿಟ್ಟೋರು ಯಾರು?"

"ನಾನೇ ಬಿಟ್ಟೆ, ಗಾರ್ಡನ್." ಕಿಟಕಿಯ ಬಳಿಯಿಂದ ವಾಲ್ಟ್ ಡನ್‌ಫಿ ಎದ್ದು ಬಂದ. ಕಂಪೆನಿಯ ಮಾಲಿಕ ಅವನೇ. ಗೌನುಗಳ ಮೇಲೆ ಹೆಸರು ಮಾತ್ರ ಥೇಯರನದು. ಗುಂಡಗಿನ, ಬೋಳುತಲೆಯ, ಅಂಗಿಯ ತೋಳು ಮಡಚಿದ ಮುದುಕ. ಕೊರಳಲ್ಲಿ ಅಳತೆಯ ಟೇಪು. "ತಾಯಿ ಅನ್ನಿಸಿಕೊಂಡೋಳಿಗೆ ಮಗಳು ಹೆಂಗೆ ಸತ್ಲು ಅಂತ ತಿಳ್ಕೊಳ್ಳೋ ಹಕ್ಕಿದೆ. ಇವರು ಕೇಳೋದು ಕೇಳ್ಕೊಂಡು ಹೋಗ್ಲಿ. ನಮ್ಮಲ್ಲಿ ಮುಚ್ಚಿಡೋಕೆ ಏನಿದೆ?"

ಕಾಗದದ ಲೋಟದಲ್ಲಿ ತಂದಿದ್ದ ಕಾಫಿಯನ್ನು ಮೇವಿಸಳ ಕೈಗಿತ್ತ. "ಕುಡೀರಿ. ಬೆಳಗಿಂದ ಏನೂ ತಿಂದ ಹಾಗಿಲ್ಲ ನೀವು."

ಅರ್ನೆಟಾಳ ಸಾವನ್ನು ಪೊಲೀಸರು ಅಪಘಾತವೆಂದು ಬರೆದು ಕೈ ತೊಳೆದುಕೊಂಡಿದ್ದರು. ಇದೇ ಮಹಡಿಯಲ್ಲಿ, ಹಿಂಬದಿಯ ಸರಕು ಲಿಫ್ಟಿನ ಬಾಗಿಲು ಸರಿಸಿ ಕಾಲಿಟ್ಟಳು, ಲಿಫ್ಟ್ ಅಲ್ಲಿರಲಿಲ್ಲ. ಇಷ್ಟೇ ಅವರ ಕಥೆ. ಅವಳ ತಾಯಿ ಯೂಲಾ ಪಿಕೆಟ್ ಮಾತ್ರ ಅದನ್ನು ಒಪ್ಪದೆ, ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್ಮಿನ ಕ್ಷೌರದಂಗಡಿಯ ಮೇಲಿದ್ದ ಮೇವಿಸಳ ಕೋಣೆಯ ಮೆಟ್ಟಿಲು ಹತ್ತಿ ಬಂದಿದ್ದಳು. ಮೇವಿಸ್ ಹಿಂದೆ ಅದೇ ಪೇಟೆಯ ಪೊಲೀಸು. ಈಗ ಸ್ವಂತ ಪತ್ತೇದಾರಿ.

"ಪ್ಯಾರಿಸ್ಸಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದ್ರಂತೆ," ಎಂದಿದ್ದಳು ಯೂಲಾ. "ನನ್ನ ಮಗಳನ್ನ ಮಣ್ಣು ಮಾಡುವಾಗ ಅವರಲ್ಲಿ ಯಾರಾದರೂ ಬಂದ್ರಾ? ಆ ಮುದುಕ ಡನ್‌ಫಿ ಒಬ್ಬ ಬಂದು ಹಿಂದಿನ ಬೆಂಚಿನಲ್ಲಿ ಕೂತು ಅತ್ತ. ಗಾರ್ಡನ್ ಥೇಯರ್ ಒಂದು ಹೂವೂ ಕಳಿಸಲಿಲ್ಲ."

ಆ ಮಾತು ಮೇವಿಸಳ ಎದೆಯಲ್ಲಿ ಕೆಂಡವಾಗಿ ಕೂತಿತ್ತು. ಇವತ್ತು ಅದು ಆರುವಂತೆ ಕಾಣಲಿಲ್ಲ.

ಕಳೆದ ಚಳಿಗಾಲದಲ್ಲಿ ಫ್ರೆಂಚರು ಅಮೆರಿಕದ ಡಿಸೈನರುಗಳನ್ನು ತಮ್ಮೂರಿಗೆ ಕರೆದದ್ದು ಗೌರವಕ್ಕಿಂತ ಹೆಚ್ಚಾಗಿ ತಮಾಷೆ ನೋಡಲು. ಜೀನ್ಸು ಹೊಲಿಯುವವರು, ನಮ್ಮದನ್ನು ನೋಡಿ ನಕಲು ಹೊಡೆಯುವವರು, ಇವರೇನು ತೋರಿಸಿಯಾರು ಎಂಬ ಕೊಂಕು ನಗೆ ಹೊತ್ತೇ ಜನ ಸಭಾಂಗಣದಲ್ಲಿ ಕೂತಿದ್ದರು. ಆಗ ಈ ಹಳದಿ ಗೌನು ಬಂತು. ಒಂದೇ ಬಟ್ಟೆ, ಒಂದೇ ಹೊಲಿಗೆ, ಹೆಗಲಿಂದ ಇಳಿದು ಮೈಯನ್ನು ಬಳ್ಳಿಯಂತೆ ಸುತ್ತಿ ಪಾದ ಸೇರುವುದು. ತೊಟ್ಟವಳು ನಡೆಯಲಿಲ್ಲ, ಹರಿದಳು. ರಾಜವಂಶದ ಮುದುಕಿಯರು ಕುರ್ಚಿ ಹತ್ತಿ ಕೂಗಿದರು. ಮಾರನೆಯ ದಿನದ ಪತ್ರಿಕೆಗಳಲ್ಲಿ ಗಾರ್ಡನ್ ಥೇಯರ್ ಅಮೆರಿಕದ ದೊರೆ.

ಆಮೇಲೆ ಗಾಳಿ ತಿರುಗಿತು. ಪ್ಯಾರಿಸ್ಸಿನವರೇ ಕೋಟಿನ ಕಾಲರು ಮೇಲೆತ್ತಿಕೊಂಡು ನ್ಯೂಯಾರ್ಕಿನ ಬಟ್ಟೆ ವ್ಯಾಪಾರದ ಬೀದಿ ಏಳನೇ ಅವೆನ್ಯೂದ ಗಲಾಟೆಯಲ್ಲಿ, ಬಟ್ಟೆ ನೇತುಹಾಕಿದ ತಳ್ಳುಗಾಡಿಗಳ ನಡುವೆ ದಾರಿ ಮಾಡಿಕೊಂಡು ಬರತೊಡಗಿದರು. ಇವತ್ತು ಬಂದಿದ್ದವಳು ಮದಾಂ ಗರೋ. ಆ ಗೌನನ್ನು ಪ್ಯಾರಿಸ್ಸಿನಲ್ಲಿ ಹೊಲಿಸಿ ಮಾರುವ ಹಕ್ಕು ಕೊಳ್ಳಲು ಬಂದವಳು. ಬೂದು ಬಣ್ಣದ ಸೂಟು ತೊಟ್ಟು ಸೋಫಾದ ತುದಿಯಲ್ಲಿ ಕೂತು, ಈ ಜಗಳವನ್ನೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಕ್ಷಮಿಸಿ ಮದಾಂ," ಡನ್‌ಫಿ ಕೈ ಉಜ್ಜಿಕೊಂಡ. "ನೀವು ಗೌನನ್ನ ಮೈಮೇಲೆ ನೋಡಿ. ಸೆಲೆಸ್ಟ್, ಹಾಕ್ಕೊಂಡು ಬಾ ಕಂದಾ."

ಸೆಲೆಸ್ಟ್ ಡೂಪ್ರೀ ಸಿಗರೇಟು ಆರಿಸಿ ಎದ್ದಳು. ಪ್ಯಾರಿಸ್ಸಿನಲ್ಲಿ ಆ ಗೌನು ತೊಟ್ಟು ನಡೆದವಳು ಅವಳೇ. ಕರಿ ರೇಷ್ಮೆಯಂಥ ಮೈಬಣ್ಣ, ನೀಳ ಕೊರಳು. ಅರ್ನೆಟಾಳ ಜೊತೆ ಒಂದೇ ಬೀದಿಯಲ್ಲಿ ಹಗ್ಗದಾಟ ಆಡಿ ಬೆಳೆದವಳು. ಈ ಕಂಪೆನಿಯ ಒಳಗಿನ ಸುದ್ದಿಯನ್ನೆಲ್ಲ ಮೇವಿಸಳಿಗೆ ಗುಟ್ಟಾಗಿ ಮುಟ್ಟಿಸುತ್ತಿದ್ದವಳೂ ಅವಳೇ. ಹಾದು ಹೋಗುವಾಗ ಕಣ್ಣಲ್ಲೇ ಮಾತಾಡಿಸುವುದು ಅವಳ ರೂಢಿ. ಇವತ್ತು ಮೇವಿಸಳ ಕಡೆ ನೋಡಲಿಲ್ಲ.

ಅವಳು ಗೌನು ತೊಟ್ಟು ಬಂದು ಕೋಣೆಯ ಉದ್ದಕ್ಕೂ ಒಮ್ಮೆ ನಡೆದಳು. ಚೆನ್ನಾಗಿತ್ತು. ಆದರೆ ಬಟ್ಟೆ ನೀರಿನಂತೆ ಹರಿಯಲಿಲ್ಲ. ತಿರುಗುವಾಗ ಸೊಂಟದ ಬಳಿ ಒಂದು ಕ್ಷಣ ತಡವರಿಸಿತು.

ಮದಾಂ ಗರೋಳ ಹುಬ್ಬು ಕೂಡಿತು. ಮೇವಿಸ್ ಅದನ್ನು ಕಂಡಳು.

"ನೋಡಿದ್ರಲ್ಲ?" ಥೇಯರ್ ಮೇವಿಸಳತ್ತ ತಿರುಗಿದ. "ಒಂದು ಎಳೆ ಕಿತ್ತಿಲ್ಲ. ನೀವು ಊರೆಲ್ಲ ತೋರಿಸ್ಕೊಂಡು ಓಡಾಡ್ತಿರೋ ಆ ಚಿಂದಿ ಚೂರು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಇದರದ್ದಂತೂ ಅಲ್ಲ."

"ಹೌದು, ಇದರದ್ದಲ್ಲ." ಮೇವಿಸ್ ಕಾಫಿ ಲೋಟವನ್ನು ಕುಡಿಯದೆ ಮೇಜಿನ ಮೇಲಿಟ್ಟಳು. "ಸೆಲೆಸ್ಟ್, ನೀನು ಹೇಳು. ಪ್ಯಾರಿಸ್ಸಿನಲ್ಲಿ ಹಾಕಿದ್ದು ಇದೇನಾ?"

ಸೆಲೆಸ್ಟ್ ಕಿಟಕಿಯಾಚೆ ನೋಡಿದಳು. "ಇದೇ."

"ಸರಿಯಾಗಿ ನೋಡಿ ಹೇಳು."

"ಇದೇ ಅಂದ್ನಲ್ಲ, ಮಿಸ್ ಮೇವಿಸ್."

ಮೇವಿಸಳಿಗೆ ಕಪಾಳಕ್ಕೆ ಬಿದ್ದಂತಾಯಿತು. ಆದರೂ ಧ್ವನಿ ಏರಿಸಲಿಲ್ಲ. "ಮಿಸ್ಟರ್ ಥೇಯರ್, ನಿಮಗೊಂದು ಸಣ್ಣ ಪ್ರಶ್ನೆ. ಈ ಗೌನಿನ ಹೊಲಿಗೆ ಯಾವ ಹೆಗಲಿಂದ ಶುರುವಾಗುತ್ತೆ?"

"ಇದೆಂಥ ಪ್ರಶ್ನೆ?"

"ನೀವೇ ಮಾಡಿದ್ದಲ್ವಾ? ತಾಯಿಗೆ ಮಗುವಿನ ಮಚ್ಚೆ ಎಲ್ಲಿದೆ ಅಂತ ಗೊತ್ತಿರಲ್ವಾ?"

ಥೇಯರ್ ಸೆಲೆಸ್ಟಳತ್ತ ಬೆರಳು ತೋರಿಸಿದ. "ಕಣ್ಣಿಲ್ವಾ? ಎಡ ಹೆಗಲಿಂದ. ಎಡ ಹೆಗಲಿಂದ ಬಲ ಸೊಂಟಕ್ಕೆ. ಯಾವತ್ತೂ ಹಾಗೇ ಇದ್ದಿದ್ದು."

ಮೇವಿಸ್ ಕೈಚೀಲದಿಂದ ಮಡಿಸಿದ ಪತ್ರಿಕೆಯೊಂದನ್ನು ತೆಗೆದು ಮದಾಂ ಗರೋಳ ಮುಂದೆ ಬಿಡಿಸಿ ಹಿಡಿದಳು. ಪ್ರದರ್ಶನದ ಮರುದಿನ ಪ್ಯಾರಿಸ್ಸಿನಲ್ಲೇ ಅಚ್ಚಾದದ್ದು. ಚಿತ್ರದಲ್ಲಿ ಸೆಲೆಸ್ಟ್ ಎರಡೂ ಕೈ ಚಾಚಿ ನಿಂತಿದ್ದಳು. ಹೊಲಿಗೆ ಇಳಿದಿದ್ದದ್ದು ಬಲ ಹೆಗಲಿಂದ.

ಥೇಯರ್ ನಕ್ಕ. "ಅಚ್ಚುಮನೆಯೋರು ಫೋಟೋನ ಮಗುಚಿ ಹಾಕಿದ್ದಾರೆ. ದಿನಾ ಆಗೋ ಕೆಲಸ."

"ಹಿಂದಿನ ಪರದೆ ನೋಡಿ. ಏನು ಬರೆದಿದೆ?"

ಪರದೆಯ ಮೇಲೆ ದೊಡ್ಡಕ್ಷರಗಳಲ್ಲಿ ನ್ಯೂಯಾರ್ಕ್ ಎಂದಿತ್ತು. ಅಕ್ಷರಗಳೆಲ್ಲ ನೆಟ್ಟಗೇ ಇದ್ದವು.

ಕೆಳಗಿನ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಬಾರಿಸುತ್ತಲೇ ಇತ್ತು.

"ಮಗುಚಿ ಹಾಕಿದ್ದು ನಿಜ. ಆದರೆ ಇವರಲ್ಲ, ಇಲ್ಲಿಯ ಮ್ಯಾಗಜಿನ್ನಿನವರು," ಎಂದಳು ಮೇವಿಸ್. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಮೆರೆಯುತ್ತಿದ್ದ ಬಣ್ಣದ ಪುಟವನ್ನು ತೋರಿಸಿದಳು. ಗೌನು ತೊಟ್ಟ ಸೆಲೆಸ್ಟ್ ಒಬ್ಬಳೇ, ಹಿಂದೆಲ್ಲ ಕಪ್ಪು, ಒಂದಕ್ಷರವೂ ಇಲ್ಲ. ಅದರಲ್ಲಿ ಹೊಲಿಗೆ ಎಡ ಹೆಗಲಿಂದ ಇಳಿದಿತ್ತು. "ಆ ಗೌನು ಕಾಣೆಯಾದ ಮೇಲೆ ಈ ಪುಟ ನೋಡ್ಕೊಂಡು ಯಾರೋ ಇನ್ನೊಂದು ಕತ್ತರಿಸಿದ್ದಾರೆ. ಪಾಪ, ಅವರದೇನೂ ತಪ್ಪಿಲ್ಲ, ಅವರು ಮೊದಲನೇದನ್ನ ಕಂಡೇ ಇರಲಿಲ್ಲ. ಆದ್ರೆ ನೀವು? ನೀವು ಅದರ ಪಕ್ಕ ನಿಂತು ತಲೆ ಬಾಗಿಸಿ ಚಪ್ಪಾಳೆ ತಗೊಂಡ್ರಿ. ಜಗತ್ತಿನ ಮುಂದೆ ನಿಮ್ಮ ಹೆಸರು ಎತ್ತಿದ ಬಟ್ಟೆ ಯಾವ ಹೆಗಲಿಂದ ಇಳಿಯುತ್ತೆ ಅಂತ ನೋಡೋ ಅಷ್ಟು ವ್ಯವಧಾನವೂ ನಿಮಗಿರಲಿಲ್ಲ!"

ಥೇಯರ್ ಗೋಡೆಯ ಮೇಲಿನ ಚೌಕಟ್ಟಿನತ್ತ ತಿರುಗಿ ನೋಡಿದ.

ಮದಾಂ ಗರೋ ಮೊದಲ ಸಲ ಬಾಯಿ ತೆರೆದಳು. ಅವಳ ಇಂಗ್ಲಿಷು ಒರಟಾಗಿತ್ತು, ಮಾತು ಸ್ಪಷ್ಟವಾಗಿತ್ತು. "ಮೊದಲಿಂದ ನೀವು ನಮ್ಮದನ್ನ ಕದೀತಾನೇ ಬಂದ್ರಿ. ಆದ್ರೆ ಆಗ ಕನಿಷ್ಠ ಸರಿಯಾಗಿ ನೋಡಿ ಕದೀತಿದ್ರಿ. ನನಗೆ ಒಂದೇ ಉತ್ತರ ಬೇಕು. ಆ ಮೊದಲನೇ ಗೌನು ಮಾಡಿದವರು ಯಾರು?"

"ಮದಾಂ, ಕೆಲಸದ ಕೋಣೇಲಿ ಎಷ್ಟೋ ಹುಡುಗೀರು ಇರ್ತಾರೆ," ಡನ್‌ಫಿ ಶುರು ಮಾಡಿದ. "ಎಲ್ಲರ ಕೈಯೂ ಸೇರಿ..."

"ಹೆಸರು ಕೇಳಿದೆ."

"ಥೇಯರ್ ಹೇಳಲಿ," ಎಂದಳು ಮೇವಿಸ್. "ಇಷ್ಟು ದಿನ ಆ ಹೆಸರನ್ನ ನುಂಗಿಕೊಂಡ ಬಾಯಿಂದಲೇ ಬರಲಿ."

ಅವನು ಸಿಡಿದ.

"ಹೌದು, ನಾನು ಮಾಡಿಲ್ಲ! ಈ ಬೀದೀಲಿ ಯಾರು ಏನು ಮಾಡಿದ್ದಾರೆ? ನಾವೆಲ್ಲ ಬೆಳೆದಿದ್ದೇ ಕದ್ದು! ಹುಡುಗನಾಗಿದ್ದಾಗ ನನ್ನನ್ನ ಪ್ಯಾರಿಸ್ಸಿಗೆ ಕಳಿಸ್ತಿದ್ರು. ಷೋನಲ್ಲಿ ಕೂತು ಕಣ್ಣಲ್ಲೇ ಅಳತೆ ತಗೊಂಡು, ಹೊರಗೆ ಓಡಿ ಟ್ಯಾಕ್ಸೀಲಿ ತೊಡೆ ಮೇಲಿಟ್ಟು ಗೀಚ್ಕೊಂಡು ಬರ್ಬೇಕು. ಆ ಬಾಗಿಲು ಕಾಯೋರು ನನ್ನನ್ನ ಕಳ್ಳ ಅಂತ ಕಾಲರ್ ಹಿಡಿದು ದಬ್ಬಿದ್ದಾರೆ ಗೊತ್ತಾ? ಈಗ ಅವರೇ ನಮ್ಮ ಬಾಗಿಲಿಗೆ ಬಂದಿದ್ದಾರೆ. ಮೊದಲನೇ ಸಲ ಜಗತ್ತು ಅಮೆರಿಕದ ಕಡೆ ತಲೆಯೆತ್ತಿ ನೋಡ್ತಿದೆ. ಆಗ ನಾನೇನು ಹೇಳ್ಬೇಕಿತ್ತು? ನಾನಲ್ಲ, ಹಿಂದಿನ ಕೋಣೇಲಿ ಕೂರೋ ಹಾರ್ಲೆಮ್ಮಿನ ಹುಡುಗಿ ಅಂತಾನಾ?"

"ಅಷ್ಟೇ ಹೇಳ್ಬೇಕಿತ್ತು," ಎಂದಳು ಮೇವಿಸ್. "ಅದನ್ನ ಹೇಳಿದ್ರೆ ನಾಲಿಗೆ ಬಿದ್ದು ಹೋಗ್ತಿತ್ತಾ? ಜಗತ್ತು ನೋಡಿದ್ದು ಅವಳ ಅಮೆರಿಕಾನ! ನೀವು ಅದರ ಮುಂದೆ ಅಡ್ಡ ನಿಂತ್ರಿ. ಅವಳ ತಾಯಿ ಆ ಮ್ಯಾಗಜಿನ್ ಕೊಂಡು ತಂದು ಮಗಳ ಹೆಸರು ಹುಡುಕಿದ್ಲು. ಕೊನೇ ಪುಟದಲ್ಲಿ ಸೋಪಿನ ಜಾಹೀರಾತಿನವರೆಗೂ ಹುಡುಕಿದ್ಲು, ಮಿಸ್ಟರ್ ಥೇಯರ್!"

ಥೇಯರ್ ಸೋಫಾದ ಮೇಲೆ ಕುಸಿದ.

"ಅರ್ನೆಟಾ ಪಿಕೆಟ್," ಎಂದ. "ಅವಳೇ ಮಾಡಿದ್ದು. ಆ ವರ್ಷದ್ದೆಲ್ಲ ಅವಳದೇ."

ಮದಾಂ ಗರೋ ಕೈಗವಸು ತೊಟ್ಟುಕೊಂಡು ಎದ್ದಳು. ಬಾಗಿಲವರೆಗೆ ಹೋಗಿ ನಿಂತು, "ಆ ಹೆಸರು ನನಗೆ ಗೊತ್ತಿತ್ತು. ಇಲ್ಲಿ ಯಾರಾದರೂ ಹೇಳ್ತಾರಾ ಅಂತ ನೋಡೋಕೆ ಬಂದೆ," ಎಂದು ಹೊರಟುಹೋದಳು. ಡನ್‌ಫಿ "ಮದಾಂ, ಮದಾಂ" ಎನ್ನುತ್ತ ಹಿಂದೆಯೇ ಓಡಿದ.

ಮೇವಿಸ್ ಥೇಯರನ ಎದುರು ಬಗ್ಗಿದಳು. "ಅವಳು ಸತ್ತ ಸಂಜೆ ನೀವು ಎಲ್ಲಿದ್ರಿ?"

"ಟೆಲಿವಿಷನ್ನಿನಲ್ಲಿ. ನನ್ನ ಸಂದರ್ಶನ ಇತ್ತು. ಇಡೀ ಊರು ನೋಡಿದೆ." ಅವನು ಮುಖ ಒರೆಸಿಕೊಂಡ. "ನಾನು ಕಳ್ಳ. ಒಪ್ಪಿದೆ. ಕೊಲೆಗಾರ ಅಲ್ಲ. ಗೌನು ಇಲ್ಲ ಅಂತ ಕೂಡ ನನಗೆ ಗೊತ್ತಿರ್ಲಿಲ್ಲ. ಒಗೆಯೋಕೆ ಕಳಿಸಿದೀನಿ ಅಂದ್ರು. ಆಮೇಲೆ ಇದನ್ನ ತಂದು ಗೊಂಬೆಗೆ ಹಾಕಿದ್ರು. ಅದೇ ಅಂದ್ಕೊಂಡೆ."

ಮೇವಿಸ್ ಅವನ ಕಣ್ಣನ್ನು ನೋಡಿದಳು. ಸುಳ್ಳು ಹೇಳುವ ಶಕ್ತಿ ಆ ಮನುಷ್ಯನಲ್ಲಿ ಉಳಿದಿರಲಿಲ್ಲ. ಅವನನ್ನು ಹೊಡೆಯಬೇಕೆಂದು ಬಂದವಳಿಗೆ ಹೊಡೆಯಲು ಅಲ್ಲಿ ಏನೂ ಇರಲಿಲ್ಲ. ಅದೂ ಸಿಟ್ಟಿನ ಮೇಲೆ ಇನ್ನೊಂದು ಸಿಟ್ಟು ತಂದಿತು.

ಕೋಣೆಯ ಸುತ್ತ ಕಣ್ಣಾಡಿಸಿದಳು. ಸೆಲೆಸ್ಟ್ ಅಲ್ಲಿರಲಿಲ್ಲ.

ಬಟ್ಟೆ ಬದಲಿಸುವ ಸಣ್ಣ ಕೋಣೆಗೆ ಬಾಗಿಲಿರಲಿಲ್ಲ, ದಪ್ಪ ಪರದೆಯಿತ್ತು. ಮೇವಿಸ್ ಅದನ್ನು ಸರಿಸಿಕೊಂಡು ಒಳನುಗ್ಗಿ, ಹಿಂದೆ ಎಳೆದುಬಿಟ್ಟಳು. ಸೆಲೆಸ್ಟ್ ಗೌನು ಕಳಚಿ ನಿಲುವಂಗಿ ಸುತ್ತಿಕೊಂಡು ಕನ್ನಡಿಯ ಮುಂದಿನ ಸ್ಟೂಲಿನಲ್ಲಿ ಕೂತಿದ್ದಳು. ಹಳದಿ ಬಟ್ಟೆ ಅವಳ ಕಾಲ ಬಳಿ ಮುದ್ದೆಯಾಗಿ ಬಿದ್ದಿತ್ತು.

"ಯಾಕೆ ಸುಳ್ಳು ಹೇಳಿದೆ?"

ಸೆಲೆಸ್ಟ್ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ಇದು ಅದಲ್ಲ ಅಂತ ನಿನಗೆ ಗೊತ್ತಾಗ್ಲಿಲ್ಲ ಅನ್ಬೇಡ."

"ತೋಳು ತೂರಿಸಿದಾಗ್ಲೇ ಗೊತ್ತಾಯ್ತು," ಎಂದಳು ಸೆಲೆಸ್ಟ್, ಕನ್ನಡಿಗೆ ಹೇಳುವಂತೆ. "ಅದರಲ್ಲಿ ಬಲಗೈ ಮೊದಲು ಹಾಕ್ಬೇಕಿತ್ತು. ಉಸಿರು ಬಿಟ್ಟ ಹಾಗೆ ಮೈಮೇಲೆ ಇಳೀತಿತ್ತು."

"ಮತ್ತೆ?"

"ಅದು ನನ್ನ ಮನೇಲಿದೆ, ಮಿಸ್ ಮೇವಿಸ್."

ಮೇವಿಸಳಿಗೆ ಮೊದಲು ಅರ್ಥವಾಗಲಿಲ್ಲ.

"ಅಂಚು ಹರಿದಿದೆ. ನಿಮ್ಮ ಜೇಬಿನಲ್ಲಿರೋ ಚೂರು ಅಲ್ಲಿಗೆ ಸರಿಯಾಗಿ ಕೂರುತ್ತೆ. ಅವಳ ಕೈಯಿಂದ ಕಿತ್ಕೊಂಡವಳು ನಾನೇ."

ಮೇವಿಸ್ ಅವಳ ತೋಳು ಹಿಡಿದು ಎಬ್ಬಿಸಿದಳು. ಸ್ಟೂಲು ಉರುಳಿತು. "ಯೂಲಾಳ ಅಡುಗೆಮನೇಲಿ ಕೂತು ಅವಳು ಮಾಡಿದ ಸೊಪ್ಪು, ಜೋಳದ ಬ್ರೆಡ್ಡು ತಿಂದು, ಅವಳ ಕೈ ಹಿಡ್ಕೊಂಡು ಅತ್ತೆಯಲ್ಲೇ! ನನಗೆ ಸುದ್ದಿ ತಂದು ಕೊಡ್ತಿದ್ದೆಯಲ್ಲೇ! ಈ ಥೇಯರನ ಹಿಂದೆ ಬೇಟೆನಾಯಿ ಥರ ಓಡಿಸ್ದೆ ನನ್ನನ್ನ!"

"ಹೊಡೀರಿ. ಹೊಡೆದ್ರೆ ನನಗೂ ಸಮಾಧಾನ." ಸೆಲೆಸ್ಟ್ ಬಿಡಿಸಿಕೊಳ್ಳಲಿಲ್ಲ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಉರಿಯಿತ್ತು. "ಅವಳು ಪ್ಯಾರಿಸ್ಸಿಗೆ ಹೊರಟಿದ್ಲು. ಅವಳ ಹೆಸರಿನಲ್ಲೇ ಅಂಗಡಿ ಹಾಕ್ಕೊಡ್ತೀವಿ ಅಂತ ಅಲ್ಲಿಯೋರು ಕರೆಸಿಕೊಂಡಿದ್ರು. ನನಗೆ ಒಂದು ಮಾತು ಹೇಳ್ಲಿಲ್ಲ! ಹುಟ್ಟಿದಾಗಿಂದ ಜೊತೆಗಿದ್ದ ನನಗೆ! ಗೌನು ತೋಳ ಮೇಲೆ ಹಾಕ್ಕೊಂಡು ಹಿಂದಿನ ಲಿಫ್ಟಿನ ಕಡೆ ಹೋಗ್ತಿದ್ಲು. ನಾನು ಓಡಿ ಹೋಗಿ ಹಿಡಿದೆ. ಇದು ನಿನ್ನೊಬ್ಬಳದಲ್ಲ ಅಂದೆ. ಗೂಟಕ್ಕೆ ತೂಗುಹಾಕಿದ್ರೆ ಬಟ್ಟೆ ಬರೀ ಬಟ್ಟೇನೇ. ಅಷ್ಟು ಜನರ ಮುಂದೆ ಅದಕ್ಕೆ ಜೀವ ಕೊಟ್ಟು ನಡೆಸಿದವಳು ನಾನು ಅಂದೆ. ನಾನೂ ಎಳೆದೆ, ಅವಳೂ ಎಳೆದ್ಲು. ಹರೀತು."

"ಆಮೇಲೆ ತಳ್ಳಿದೆ."

"ಇಲ್ಲ!" ಸೆಲೆಸ್ಟ್ ಚೀರಿದಳು; ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. "ಹರಿದದ್ದು ನೋಡಿ ಅವಳ ಮುಖ ಬಿಳಿಚ್ಕೊಳ್ತು. ಬಯ್ಯಲಿಲ್ಲ. ಇಟ್ಕೋ ಅಂದ್ಲು. ಇನ್ನೊಂದು ಮಾಡ್ತೀನಿ, ಇದಕ್ಕಿಂತ ಚೆನ್ನಾಗಿರೋದು, ಅದರ ಮೇಲೆ ನನ್ನ ಹೆಸರು ಇರುತ್ತೆ ಅಂದ್ಲು. ತಿರುಗಿ ಲಿಫ್ಟಿನ ಬಾಗಿಲು ಸರಿಸಿ ಕಾಲಿಟ್ಲು. ಅಷ್ಟೇ. ಇದ್ಲು, ಇಲ್ಲ."

ಮೇವಿಸ್ ತೋಳು ಬಿಟ್ಟಳು. ಸಿಟ್ಟು ಆರಿರಲಿಲ್ಲ, ಆದರೆ ಒಳಗಿನ ಹಳೆಯ ಪೊಲೀಸು ತಲೆಯೆತ್ತಿದ್ದಳು.

"ಆ ಲಿಫ್ಟ್ ಮೇಲೆ ಬರದೆ ಬಾಗಿಲು ತೆರೆಯೋದಿಲ್ಲ. ಕೊಂಡಿ ಬಿಡಲ್ಲ. ಆ ದಿನ ಯಾರೋ ಬಿಚ್ಚಿಟ್ಟಿದ್ರು. ಅದಿರಲಿ. ಅವಳು ಈ ಕಟ್ಟಡದಲ್ಲಿ ವರ್ಷಗಟ್ಟಲೆ ಓಡಾಡಿದವಳು. ನೋಡದೆ ಯಾಕೆ ಕಾಲಿಟ್ಲು?"

"ಕತ್ತಲಿತ್ತು. ಬಲ್ಬು ಹೋಗಿತ್ತು."

"ಕತ್ತಲಿದ್ರೆ ಇನ್ನೂ ಹುಷಾರಾಗಿ ಕಾಲಿಡ್ಬೇಕು."

ಸೆಲೆಸ್ಟ್ ತಡೆದಳು. ಹುಬ್ಬು ಗಂಟಿಕ್ಕಿತು. ಆ ಸಂಜೆಯನ್ನು ಎಷ್ಟೋ ಸಲ ನೆನೆಸಿಕೊಂಡಿದ್ದರೂ ಈ ಭಾಗವನ್ನು ಮಾತ್ರ ಅವಳು ತಿರುಗಿ ನೋಡಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

"ನೋಡೋ ಅಗತ್ಯ ಇರ್ಲಿಲ್ಲ," ಎಂದಳು ನಿಧಾನವಾಗಿ. "ಕೂಗಿ ಹೇಳಿದ್ರಲ್ಲ."

"ಏನಂತ?"

"ನಮ್ಮ ಗಲಾಟೆ ಕೇಳಿ ಒಳಗಿಂದ ಕೂಗಿದ್ರು. ಜಗಳ ಸಾಕು, ಅವಳು ಹೊರಡಲಿ ಬಿಡು ಕಂದಾ, ಲಿಫ್ಟ್ ಆಗ್ಲೇ ಬಂದು ನಿಂತಿದೆ ಅಂತ."

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು.

ಪರದೆಯ ಕೆಳಗಿನ ಸಂದಿಯಲ್ಲಿ ಎರಡು ಕಂದು ಬೂಟುಗಳ ತುದಿ ಕಾಣುತ್ತಿತ್ತು. ಅವು ಅಲ್ಲಿಗೆ ಬಂದು ಎಷ್ಟು ಹೊತ್ತಾಗಿತ್ತೋ, ಹೆಜ್ಜೆಯ ಸಪ್ಪಳವಂತೂ ಕೇಳಿಸಿರಲಿಲ್ಲ.

"ಸೆಲೆಸ್ಟ್, ಕಂದಾ, ಇನ್ನೂ ಆಗ್ಲಿಲ್ವಾ?" ವಾಲ್ಟ್ ಡನ್‌ಫಿಯ ಧ್ವನಿ ಎಂದಿನಂತೆ ಬೆಚ್ಚಗಿತ್ತು. "ಮಿಸ್ ರಾಬಿನೆಟ್ ಅವರನ್ನೂ ಕರ್ಕೊಂಡು ಬಾ. ಮುಂದಿನ ಲಿಫ್ಟ್ ಕೆಟ್ಟು ಕೂತಿದೆ. ಹಿಂದಿನದ್ದನ್ನ ತರಿಸಿದ್ದೀನಿ."